ಗಟ್ಟಿ ಮಿಣಿ

ಸಾಕಮ್ಮ ನನಗೆ ಓರಗಿತ್ತಿಯಾಗಬೇಕು. ಅಣ್ಣ ತಮ್ಮಂದಿರು ಬೇರೆಯಾದಾಗ ಪಾತ್ರೆ, ಒನಕೆ, ಕೋಳಿ ಎಲ್ಲ ಪಾಲಾದವು. ಮನೆಗಳನ್ನು ಕಟ್ಟಿಹಾಕುವ ಕಲ್ಲನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ಹಾಗಾಗಿ ಬೀದಿಯ ಕೊನೆಯ ಕಲ್ಲಿನ ಬಡಗ ಮಗ್ಗುಲಿಗೆ ನಮ್ಮ ಮನೆಯ ಮಿಣಿ, ತೆಂಕ ಮಗ್ಗುಲಿಗೆ ಅವಳ ಮನೆಯ ಮಿಣಿ. ಇಬ್ಬರ ಬಾಯಿಯೂ ದೊಡ್ಡದು. ಬೀಸುವ ಕಲ್ಲಿನ ಗೂಟವನ್ನು ಕಳೆದವರು ಯಾರು ಎಂದು ಶುರುವಾದ ಜಗಳ ಇಡೀ ಮಳೆಗಾಲ ನಡೆದದ್ದುಂಟು. ಅಂಥವಳಿಗಾಗಿ ಈಗ ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡು ಕೂತರೆ ಬೀದಿಯವರು ನಗಬಹುದು. ನಕ್ಕರೆ ನಗಲಿ, ನನಗೇನು.

ನಮ್ಮೂರಲ್ಲಿ ಮನೆಗಳನ್ನು ಕಟ್ಟಿಹಾಕದಿದ್ದರೆ ನಿಲ್ಲುವುದಿಲ್ಲ. ಹೊತ್ತು ಏರುತ್ತಿದ್ದಂತೆ ಪಡುವಣದ ಎಳೆತ ಶುರುವಾಗುತ್ತದೆ. ಮನೆ ಒಂದು ಸಲ ಜಗ್ಗಿ, ಕಿರುಗುಟ್ಟಿ, ಮಿಣಿ ಹಿಗ್ಗಿದಷ್ಟು ದೂರ ಪಡುವಣಕ್ಕೆ ಹೋಗಿ ನಿಲ್ಲುತ್ತದೆ. ಸಂಜೆ ಎಳೆತ ಸಡಿಲವಾದ ಮೇಲೆ ಮಿಣಿ ಕುಗ್ಗುತ್ತಾ ಮನೆಯನ್ನು ಮತ್ತೆ ಕಲ್ಲಿನ ಬಳಿಗೆ ಕರೆದು ತರುತ್ತದೆ. ಬೆಳಿಗ್ಗೆ ಬಾವಿ ಹತ್ತಿರ, ಮಧ್ಯಾಹ್ನ ದೂರ. ಅದಕ್ಕೇ ನಾವು ನೀರನ್ನು ಬೆಳಿಗ್ಗೆಯೇ ತಂದಿಟ್ಟುಕೊಳ್ಳುತ್ತೇವೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಮೊದಲು ಸಾರು ಚೆಲ್ಲಿಕೊಳ್ಳುತ್ತಾರೆ, ಆಮೇಲೆ ಮಡಕೆಯನ್ನು ಅರ್ಧಕ್ಕೆ ತುಂಬುವುದನ್ನು ಕಲಿಯುತ್ತಾರೆ. ಬರಿಯ ನೆಲದ ಮೇಲೆ ನಾವು ಯಾರೂ ಮಲಗುವುದಿಲ್ಲ. ಮಲಗಿ ನಿದ್ದೆ ಹೋದವರು ಇದ್ದ ಜಾಗದಲ್ಲಿ ಏಳುವುದಿಲ್ಲ. ಪಡುವಣಕ್ಕೆ ಬಯಲು, ಬಯಲಿನ ಆಚೆಯೂ ಬಯಲು. ಅಲ್ಲಿಗೆ ಹೋದ ಮನೆ ಯಾವುದೂ ತಿರುಗಿ ಬಂದಿಲ್ಲ.

ಬೆಳಗಿನ ಎಳೆತ ಬರುವ ಹೊತ್ತಿಗೆ ಬೀದಿಯಲ್ಲಿ ಒಂದು ಕೂಗು ಹೊರಡುತ್ತದೆ. ಮೊದಲ ಕಲ್ಲಿನ ಮನೆಯವರು ಪಕ್ಕದವರನ್ನು ‘ಹಿಡ್ಕಂಡ್ಯಾ?’ ಎನ್ನಬೇಕು. ಅವರು ‘ಹಿಡ್ಕಂಡಿವ್ನಿ’ ಅಂದು ತಮ್ಮ ಪಕ್ಕದವರನ್ನು ಕೇಳಬೇಕು. ಕಂಬವನ್ನೋ, ತೊಟ್ಟಿಲನ್ನೋ, ಒಲೆಯ ಮೇಲಿನ ಪಾತ್ರೆಯನ್ನೋ, ಏನನ್ನು ಹಿಡಿಯಬೇಕೋ ಅದನ್ನು ಹಿಡಿದುಕೊಂಡೆಯಾ ಎಂದು ಅರ್ಥ. ಹಾಗೆ ಮನೆಯಿಂದ ಮನೆಗೆ ಬಂದ ಕೂಗು ನನ್ನವರೆಗೆ ಬರುತ್ತದೆ. ನಾನು ಸಾಕಮ್ಮನ ಮನೆಯ ಕಡೆ ತಿರುಗಿ ಕೂಗುತ್ತಿದ್ದೆ. ಉತ್ತರ ಕೊಡುತ್ತಿದ್ದವಳು ಸಾಕಮ್ಮನಲ್ಲ, ಅವಳ ಮಗಳು ದೇವೀರಿ. ‘ಹಿಡ್ಕಂಡಿವ್ನಿ ದೊಡ್ಡವ್ವ’ ಎನ್ನುವ ಅವಳ ದನಿ ಬೀದಿಯ ಕಡೆಯ ದನಿ. ಅದು ಕೇಳಿದ ಮೇಲೆ ಜನ ತಂತಮ್ಮ ಕೆಲಸಕ್ಕೆ ತಿರುಗುತ್ತಿದ್ದರು.

ಮಿಣಿ ಎಂದರೆ ಹಗ್ಗವಲ್ಲ. ಬೇರೆ ಕಡೆ ಎತ್ತಿಗೆ ಕಟ್ಟುವುದನ್ನು ಮಿಣಿ ಎನ್ನುತ್ತಾರಂತೆ. ನಮ್ಮದು ಗೇಣಗಲದ ದಪ್ಪ ಪಟ್ಟಿ. ಕತ್ತಾಳೆ ನಾರನ್ನು ಎಳೆಯಾಗಿ ಹೊಸೆದು ಉದ್ದಕ್ಕೆ ಹಾಸುವುದು, ಮರದ ಅಂಟನ್ನು ಹರಳೆಣ್ಣೆಯಲ್ಲಿ ಕಾಯಿಸಿ ಅದರ ಮೇಲೆ ಹುಯ್ಯುವುದು, ಮತ್ತೆ ನಾರು, ಮತ್ತೆ ಅಂಟು. ಆರಿದ ಮೇಲೂ ಅದು ಮಗುವಿನ ಕೆನ್ನೆಯ ಹಾಗೆ ಒತ್ತಿದರೆ ತಗ್ಗಬೇಕು, ಬಿಟ್ಟರೆ ಉಬ್ಬಬೇಕು. ಈ ಕೆಲಸದಲ್ಲಿ ಸಾಕಮ್ಮನನ್ನು ಮೀರಿಸಿದವರಿಲ್ಲ ಎಂದು ಅವಳೊಂದಿಗೆ ಮಾತು ಬಿಟ್ಟಿದ್ದ ದಿನಗಳಲ್ಲೂ ನಾನು ಒಪ್ಪಿದ್ದೇನೆ. ಅವಳು ಬಾಣಲೆಯಿಂದ ಒಂದು ತೊಟ್ಟು ಅಂಟನ್ನು ಎರಡು ಬೆರಳಿನ ನಡುವೆ ಎಳೆದು ನೋಡಿ ‘ಇನ್ನೂ ಒಸಿ ಎಣ್ಣೆ’ ಎಂದರೆ ಎದುರಾಡುವವರಿರಲಿಲ್ಲ.

ವರ್ಷಕ್ಕೊಮ್ಮೆ ಕಚ್ಚುಹಬ್ಬ. ಆ ದಿನ ಎಳೆತ ಏರಿದ ಹೊತ್ತಿನಲ್ಲಿ ಪ್ರತಿ ಮನೆಯ ಎಲ್ಲರಿಗಿಂತ ಚಿಕ್ಕವರು ತಮ್ಮ ಮಿಣಿಯ ಅಂಚಿಗೆ ಕುಡುಗೋಲಿನಿಂದ ಒಂದು ಸಣ್ಣ ಕಚ್ಚು ಹಾಕಬೇಕು. ಮಿಣಿ ಚೆನ್ನಾಗಿದ್ದರೆ ಆ ಕಚ್ಚು ಮೀನಿನ ಬಾಯಿಯ ಹಾಗೆ ಗುಂಡಗೆ ತೆರೆದುಕೊಂಡು ಅಲ್ಲೇ ನಿಂತುಬಿಡುತ್ತದೆ. ಒಳಕ್ಕೆ ಹೋಗುವುದಿಲ್ಲ. ಅದಕ್ಕೆ ಅಂಟು ತುಂಬಿ, ಅರಿಸಿನ ಬಳಿದು, ಒಬ್ಬಟ್ಟು ತಿನ್ನುವುದು. ನನಗೆ ಮಕ್ಕಳಾಗಲಿಲ್ಲ. ದೇವೀರಿ ಕೈಯಲ್ಲಿ ಕುಡುಗೋಲು ಹಿಡಿಯುವಷ್ಟಾದಾಗಿನಿಂದ ನಮ್ಮ ಮನೆಯ ಕಚ್ಚನ್ನೂ ಅವಳೇ ಹಾಕುತ್ತಿದ್ದಳು. ಎಡಗೈಯವಳು. ಮೂಗಿನ ಮೇಲೆ ಬೆವರು ಮೂಡಿಸಿಕೊಂಡು, ನಾಲಿಗೆ ಕಚ್ಚಿಕೊಂಡು, ಅಷ್ಟು ಶ್ರದ್ಧೆಯಿಂದ ಹಾಕುತ್ತಿದ್ದಳು. ‘ನಿಮ್ಮದು ನಮ್ಮದ್ಕಿಂತ ಚೆಂದಾಗಿ ಬಾಯಿ ಬಿಡ್ತು ದೊಡ್ಡವ್ವ’ ಅಂದು ಅವರವ್ವನ ಕೈಲಿ ಬೈಸಿಕೊಳ್ಳುತ್ತಿದ್ದಳು.

ಮಿಣಿ ಸವೆಯುವುದಿಲ್ಲ ಎಂದಲ್ಲ. ಸವೆಯುವಾಗ ಹೇಳಿ ಸವೆಯುತ್ತದೆ. ನಾರಿನ ತುದಿಗಳು ಒಂದೊಂದಾಗಿ ಹೊರಗೆ ಬರುತ್ತವೆ, ತಿಂಗಳುಗಟ್ಟಲೆ ಮುಂಚೆಯೇ ಗೊತ್ತಾಗುತ್ತದೆ. ಅಷ್ಟಾದರೂ ನೋಡದೆ ಕೂತ ಮನೆಗಳು ಆಗೊಂದು ಈಗೊಂದು ಬಯಲು ಪಾಲಾಗಿವೆ. ಆಗ ಕಲ್ಲಿನ ಕಡೆ ಉಳಿದ ಮಿಣಿಯ ತುದಿಯಲ್ಲಿ ಮೊಳದುದ್ದ ನಾರು ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಆ ಗಡ್ಡವನ್ನು ಪಕ್ಕದ ಮನೆಯವರು ಎಣ್ಣೆ ಹಚ್ಚಿ ಬಾಚಿ ಬಿಡಿಸಿಕೊಂಡು, ತಮ್ಮ ಮನೆಗೆ ಹೊಸ ಮಿಣಿ ಮಾಡುವಾಗ ಅದರೊಳಗೆ ಹಾಸಬೇಕು. ಹೋದವರಿಗೆ ನಾವು ಮಾಡುವುದು ಇಷ್ಟೇ. ನಾನು ಮದುವೆಯಾಗಿ ಬರುವ ಮೊದಲು ಹೋದ ಒಬ್ಬ ಮುದುಕಿಯ ಮನೆಯ ನಾರು ನಮ್ಮ ಮಿಣಿಯಲ್ಲಿದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಎಳೆತದ ಹೊತ್ತಿಗೆ ಅವರು ಅದನ್ನೊಮ್ಮೆ ಮುಟ್ಟಿ ಬರುತ್ತಿದ್ದರು.

ನನ್ನ ಮೈದುನ ಜ್ವರ ಬಂದು ತೀರಿಕೊಂಡ. ಅದಾದ ಎರಡನೆಯ ವರ್ಷ ದೇವೀರಿಯ ಮೂಳೆಗೆ ನೋವು ಹಿಡಿಯಿತು. ಮೊದಲು ಮಂಡಿ, ಆಮೇಲೆ ಸೊಂಟ, ಆಮೇಲೆ ಬೆನ್ನು. ಓಡಾಡುತ್ತಿದ್ದ ಹುಡುಗಿ ಗೋಡೆ ಹಿಡಿದಳು, ಗೋಡೆ ಬಿಟ್ಟು ಮಂಚ ಹಿಡಿದಳು. ಪಂಡಿತ ಬಂದು ಎಣ್ಣೆ ಕೊಟ್ಟು, ‘ಅಲುಗಾಡಿಸಬೇಡಿ, ಅಲುಗದೆ ಇದ್ರೆ ಮೂಳೆ ತಾನೇ ಕೂಡ್ತದೆ’ ಅಂದ. ಅಲುಗದೆ ಇರುವುದು ಹೇಗೆ ನಮ್ಮೂರಲ್ಲಿ? ಗಾಡಿಯಲ್ಲಿ ಬೇರೆ ಊರಿಗೆ ಸಾಗಿಸೋಣವೆಂದರೆ ಮಗುವನ್ನು ಮಂಚದಿಂದ ಎತ್ತಿದರೇ ಪ್ರಾಣ ಹೋಗುವ ಹಾಗೆ ಕಿರುಚುತ್ತಿತ್ತು. ಮಂಚವನ್ನು ತೊಟ್ಟಿಲ ಹಾಗೆ ತೂಗು ಹಾಕಿ ನೋಡಿದರು. ಅದು ಇನ್ನೂ ಕೆಟ್ಟದಾಯಿತು. ಬೆಳಿಗ್ಗೆ ಮನೆ ಜಗ್ಗಿದಾಗ ಒಂದು ಸಲ, ಸಂಜೆ ಮನೆ ಕಲ್ಲಿಗೆ ಬಂದು ನಿಂತಾಗ ಒಂದು ಸಲ ಅವಳ ಕೂಗು ಕೇಳಿ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ಕೂಗಿಗೆ ಮಾತ್ರ ಅವಳು ಉತ್ತರ ಕೊಡದೆ ಬಿಟ್ಟವಳಲ್ಲ. ‘ಹಿಡ್ಕಂಡಿವ್ನಿ ದೊಡ್ಡವ್ವ’ ಎನ್ನುವಷ್ಟರಲ್ಲಿ ಮನೆ ಜಗ್ಗುತ್ತಿತ್ತು. ಆಮೇಲಿನ ಸದ್ದು ಏನೆಂದು ಹೇಳಲಿ, ಅದು ಬೇಡ.

ಒಂದು ದಿನ ಸಾಕಮ್ಮ ನಮ್ಮ ಹಿತ್ತಲಿಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ನಿದ್ದೆಗೆಟ್ಟು ಅವಳ ಕಣ್ಣು ಗುಳಿಬಿದ್ದಿದ್ದವು.

‘ಅಕ್ಕ, ಹೊಸ ಮಿಣಿ ಮಾಡ್ತೀನಿ. ಎಣ್ಣೆ ಹಾಕಾಕಿಲ್ಲ. ಅರಗು ಹಾಕ್ತೀನಿ,’ ಅಂದಳು.

ಅರಗು ಹಾಕಿದರೆ ಅಂಟು ಕಲ್ಲಾಗುತ್ತದೆ. ನನಗೆ ಸಿಟ್ಟು ನೆತ್ತಿಗೇರಿತು. ‘ತಲೆ ನೆಟ್ಟಗದೋ ಇಲ್ವೋ ನಿಂಗೆ? ಊರಿಗೆಲ್ಲ ಬುದ್ಧಿ ಹೇಳೋಳು ನೀನು,’ ಅಂದೆ.

‘ಗೊತ್ತು ಕಣಕ್ಕ, ನಂಗೆ ನೀವು ಹೇಳ್ಕೊಡಬ್ಯಾಡಿ,’ ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳ ಮಾಡಬಹುದಿತ್ತು. ‘ಅಂಟು ಮೆತ್ತಗಿದ್ರೆ ಒಂದು ನಾರು ಕಿತ್ತೋದ್ರೂ ಪಕ್ಕದ್ದು ಒಸಿ ಜಾರಿ ಅದರ ಭಾರ ತಗತ್ತದೆ. ಅದ್ರ ಪಕ್ಕದ್ದೂ ಒಸಿ ತಗತ್ತದೆ. ಎಲ್ಲ ಹಂಚ್ಕತವೆ. ಅರಗು ಹಾಕಿದ್ರೆ ಯಾವ್ದೂ ಜಾರಾಕಿಲ್ಲ. ಮನೆ ಅಲುಗಾಕಿಲ್ಲ. ಆದ್ರೆ ಒಂದು ಕಿತ್ರೆ ಅದರ ಭಾರ ಎಲ್ಲ ಪಕ್ಕದ್ದರ ಮೇಲೇ ಬಿದ್ದು ಅದೂ ಕೀಳ್ತದೆ, ಆಮೇಲೆ ಅದರ ಪಕ್ಕದ್ದು. ಎಲ್ಲ ಒಂದೇ ಏಟಿಗೆ.’

‘ಮತ್ತೆ?’

‘ಗೀರು ಬೀಳದಂಗೆ ನೋಡ್ಕತೀನಿ. ಗೀರೇ ಬೀಳದಿದ್ರೆ ಅದಕ್ಕಿಂತ ಗಟ್ಟಿ ಯಾವ್ದದೆ ಹೇಳಿ. ಮೂಳೆ ಕೂಡೋವರ್ಗೂ ಸಾಕು. ಆಮೇಲೆ ಕಿತ್ತಾಕಿ ಮೆತ್ತಂದು ಕಟ್ತೀನಿ.’ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ‘ಅವ್ಳಿಗೆ ಹೇಳಬ್ಯಾಡಿ. ತನಗೋಸ್ಕರ ಅವ್ವ ಮನೇನೇ ಪಣಕ್ಕಿಟ್ಟವ್ಳೆ ಅಂತ ಗೊತ್ತಾದ್ರೆ ಮಗ ಕೊರಗ್ತದೆ. ಹೊಸ ನಮೂನೆ ಮಿಣಿ ಅಂದಿವ್ನಿ.’

ನಾನು ಅವತ್ತು ಏನೇನೋ ಅಂದೆ, ಬಾಯಿಗೆ ಬಂದಂತೆ ಅಂದೆ. ಅವಳು ಎದ್ದು ಹೋದಳು. ಸಂಜೆ ಮನೆಗಳು ಕಲ್ಲಿಗೆ ಬಂದು ನಿಂತಾಗ ದೇವೀರಿ ಮತ್ತೆ ಕೂಗಿದಳು. ನಾನು ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, ನಮ್ಮ ಅಟ್ಟದ ಮೇಲಿದ್ದ ಅರಗಿನ ಗಡಿಗೆಯನ್ನು ತೆಗೆದುಕೊಂಡು ಹೋಗಿ ಅವಳ ಒಲೆಯ ಪಕ್ಕ ಇಟ್ಟು ಬಂದೆ.

ನಾರು ಹೊಸೆಯುವ ಕೆಲಸಕ್ಕೆ ಮೂವರೂ ಕುಳಿತೆವು. ದೇವೀರಿ ಮಲಗಿದಲ್ಲೇ ಹೊಸೆದಳು. ಎಡಗೈಯವಳಾದ್ದರಿಂದ ಅವಳ ಎಳೆಯ ಮುರಿ ಉಲ್ಟಾ ಬೀಳುತ್ತಿತ್ತು. ಕೈ ಸೋತಲ್ಲೆಲ್ಲ ಗಂಟಿನ ಹಾಗೆ ದಪ್ಪಗಾಗುತ್ತಿತ್ತು. ‘ಇದೇನೇ, ಹಾವು ಇಲಿ ನುಂಗಿದಂಗದೆ’ ಎಂದು ನಾನು ಛೇಡಿಸಿದರೆ ನಕ್ಕು, ನಕ್ಕದ್ದಕ್ಕೆ ನೋವಾಗಿ ಮುಖ ಕಿವಿಚುತ್ತಿದ್ದಳು. ಬೇರೆಯವರ ಕೈಯಲ್ಲಾದರೆ ಸಾಕಮ್ಮ ಅಂಥ ಎಳೆಯನ್ನು ಮುಲಾಜಿಲ್ಲದೆ ಬಿಸಾಡುತ್ತಿದ್ದಳು. ಮಗಳದನ್ನು ಒಂದನ್ನೂ ಬಿಸಾಡದೆ ಹಾಸಿದಳು.

ಮಿಣಿ ಕಟ್ಟಿದ ಮಾರನೆಯ ದಿನ ನಮ್ಮ ಬೀದಿಯ ಮಿಣಿಗಳನ್ನು ನೋಡಿಕೊಳ್ಳುವ ಮುದ್ದಯ್ಯ ಬಂದರು. ಕೋಲಿನಿಂದ ಅದನ್ನು ತಟ್ಟಿದರು. ಟಣ್ಣೆಂದಿತು. ಮುದುಕರ ಮುಖ ಕಪ್ಪಿಟ್ಟಿತು.

‘ಇದು ಮಿಣಿಯಲ್ಲ ಕಣಮ್ಮ, ಗಳ. ಬಿಚ್ಚಾಕು,’ ಅಂದರು.

‘ನನ್ ಮಗಳು ನಿನ್ನೆ ರಾತ್ರಿ ಮಲಗಿದ್ಲು ಮುದ್ದಯ್ಯ,’ ಅಂದಳು ಸಾಕಮ್ಮ. ‘ಬೆಳಿಗ್ಗೆವರ್ಗೂ ಏಳಲಿಲ್ಲ. ನಾನೇ ಎಬ್ಬಿಸ್ದೆ.’

ಮುದ್ದಯ್ಯ ಬಾಗಿಲೊಳಗೆ ಇಣುಕಿ ನೋಡಿದರು. ದೇವೀರಿ ಮಂಚದ ಮೇಲಿಂದ ‘ಬಾ ತಾತ’ ಅಂದಳು. ಅವರು ಕೋಲನ್ನು ಆ ಮಿಣಿಗೆ ತಾಕಿಸದ ಹಾಗೆ ಎತ್ತಿ ಹಿಡಿದುಕೊಂಡು ಹೋದರು. ಅಂದಿನಿಂದ ಬೀದಿಯ ಜನ ಅದರ ಹತ್ತಿರ ಸುಳಿಯುವುದನ್ನೇ ಬಿಟ್ಟರು. ಮಕ್ಕಳಿಗೆ ಅತ್ತ ಆಡಬೇಡಿ ಎಂದರು, ಕಾರಣ ಹೇಳಲಿಲ್ಲ. ಸಾಕಮ್ಮ ದಿನವೂ ಎದ್ದ ಕೂಡಲೇ ಅದರ ಅಂಚುಗಳ ಮೇಲೆ ಬೆರಳಾಡಿಸಿ ನೋಡಿ ಬರುತ್ತಿದ್ದಳು, ಕರುವಿನ ಮೈ ತಡವಿದ ಹಾಗೆ.

ಆ ತಿಂಗಳುಗಳು ವಿಚಿತ್ರವಾಗಿದ್ದವು. ಬೆಳಿಗ್ಗೆ ಎಳೆತ ಬಂದು ಇಡೀ ಬೀದಿ ಪಡುವಣಕ್ಕೆ ಸರಿದಾಗ ಸಾಕಮ್ಮನ ಮನೆಯೊಂದೇ ಹಿಂದೆ ಕಲ್ಲಿನ ಬಳಿ ನಿಂತಿರುತ್ತಿತ್ತು. ನನ್ನ ಅಡುಗೆಮನೆಯಿಂದ ನೋಡಿದರೆ ಅವಳ ಬಾಗಿಲು ಕಾಣುತ್ತಿರಲಿಲ್ಲ, ಹಿತ್ತಿಲ ಗೋಡೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ನಾನು ರೂಢಿಯಂತೆ ‘ಹಿಡ್ಕಂಡ್ಯಾ?’ ಎಂದು ಕೂಗಿದೆ. ದೇವೀರಿ ಒಳಗಿನಿಂದಲೇ, ‘ನಮ್ಮನೆ ಈಗ ಅಲುಗಲ್ಲ ದೊಡ್ಡವ್ವ. ನಾನೇನು ಹಿಡ್ಕಳ್ಲಿ?’ ಅಂದು ನಕ್ಕಳು. ನಿಜವೇ. ಅಂದಿನಿಂದ ಕೂಗು ನನ್ನ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅವಳ ನೋವಿನ ಚೀರಾಟ ನಿಂತಿತಲ್ಲ ಎಂದು ದೇವರಿಗೆ ಕೈಮುಗಿದೆ. ಆದರೂ ಹೇಳುತ್ತೇನೆ, ಆ ಕಡೆಯ ಉತ್ತರವಿಲ್ಲದೆ ನನ್ನ ಬೆಳಗು ಬೆಳಗಾಗುತ್ತಿರಲಿಲ್ಲ.

ಪಂಡಿತನ ಮಾತು ಸುಳ್ಳಾಗಲಿಲ್ಲ. ದೇವೀರಿ ಎದ್ದು ಕೂತಳು. ಕೆನ್ನೆ ತುಂಬಿಕೊಂಡಿತು. ದಿಂಬಿಗೊರಗಿ ಅವರೆಕಾಯಿ ಸುಲಿದುಕೊಟ್ಟಳು. ಅವ್ವನ ಭುಜ ಹಿಡಿದು ಒಂದು ಸಲ ನಿಂತಳು, ಮತ್ತೆ ಕೂತಳು. ಸಾಕಮ್ಮ ನನ್ನ ಹತ್ತಿರ ಬಂದು, ‘ಹಬ್ಬ ಒಂದು ಕಳೀಲಿ ಅಕ್ಕ. ಆಮೇಲೆ ಈ ಗಳ ಬಿಚ್ಚಿ ಮೆತ್ತಂದು ಕಟ್ಬುಡ್ತೀನಿ. ನಂಗೂ ಹೆದ್ರಿ ಹೆದ್ರಿ ಸಾಕಾಗದೆ,’ ಅಂದಳು. ಹೊಸ ನಾರನ್ನು ತಂದು ನೆನೆಹಾಕಿಯೂ ಇದ್ದಳು.

ಕಚ್ಚುಹಬ್ಬದ ದಿನ ಬೀದಿಯ ಮೇಲ್ತುದಿಯಲ್ಲಿ ತಮಟೆ ಶುರುವಾಯಿತು. ಎಳೆತ ಏರಿತ್ತು, ನಮ್ಮ ಮನೆ ಮಿಣಿಯನ್ನು ಹಿಗ್ಗಿಸಿಕೊಂಡು ಪಡುವಣಕ್ಕೆ ಹೋಗಿ ನಿಂತಿತ್ತು. ನಾನು ಕಚ್ಚಿಗೆ ತುಂಬುವ ಅಂಟು ಕಾಯಿಸಿಕೊಂಡು ಬಾಗಿಲಲ್ಲಿದ್ದೆ. ಸಾಕಮ್ಮ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ತನ್ನ ಮನೆಯಿಂದ ನಮ್ಮಲ್ಲಿಗೆ ನಡೆದು ಬಂದಳು. ಅವಳ ಬೆರಳುಗಳಿಗೆ ಅರಿಸಿನ ಮೆತ್ತಿಕೊಂಡಿತ್ತು.

‘ಬೆಳಿಗ್ಗೇನೇ ಮಿಣಿಗೆ ಅರಿಸ್ನ ಬಳ್ದುಬುಟ್ಟೆ ಅಕ್ಕ. ಯಾರಾದ್ರೂ ಕೇಳಿದ್ರೆ ನಮ್ಮನೆ ಕಚ್ಚು ಆಯ್ತು ಅನ್ನಿ,’ ಎಂದು ಮೆಲ್ಲಗೆ ಅಂದಳು.

‘ಆಯ್ತು ಬಿಡು, ನಾನೇನು ಸಾರ್ಕೊಂಡು ಬರ್ತೀನಾ,’ ಅಂದೆ. ತಟ್ಟೆ ತೆಗೆದುಕೊಳ್ಳಲು ಅಂಗಳಕ್ಕಿಳಿದು ಅವಳ ಭುಜದಾಚೆ ನೋಡಿದೆ.

ಸಾಕಮ್ಮನ ಮನೆಯ ಮುಂದಿನ ಜಗಲಿ ಗೋಡೆಯಿಂದಾಚೆ ನಮ್ಮ ಕಡೆಗೆ ಚಾಚಿದ ಅಂಚಿನಲ್ಲಿ ದೇವೀರಿ ನಿಂತಿದ್ದಳು. ಒಬ್ಬಳೇ, ಕಂಬಕ್ಕೆ ಭುಜ ಕೊಟ್ಟು, ತನ್ನ ಕಾಲ ಮೇಲೆ ತಾನು. ಹಬ್ಬದ ಲಂಗ ಉಟ್ಟಿದ್ದಳು. ಅದು ಗಿಡ್ಡವಾಗಿತ್ತು, ಮಲಗಿದ್ದಲ್ಲೇ ಬೆಳೆದುಬಿಟ್ಟಿದ್ದಳು.

‘ನೋಡೇ ಸಾಕಿ, ನಿನ್ನ ಮಗಳು ನಿಂತವ್ಳೆ,’ ಅಂದೆ.

ಸಾಕಮ್ಮ ತಿರುಗಿದಳು. ಆ ಕ್ಷಣದ ಅವಳ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಗಂಡ ಸತ್ತ ಮೇಲೆ ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ. ದೇವೀರಿ ನಮ್ಮ ಕಡೆ ಕೈ ಬೀಸಿದಳು. ‘ದೊಡ್ಡವ್ವ, ನಮ್ಮದಾದ್ಮೇಲೆ ನಿಮ್ಮದೂ ನಾನೇ ಹಾಕ್ತೀನಿ,’ ಎಂದು ಕೂಗಿದಳು. ಏನನ್ನು ಹಾಕುತ್ತಾಳೆ ಎಂದು ನಮಗೆ ತಕ್ಷಣ ಹೊಳೆಯಲಿಲ್ಲ. ನಿಂತವಳನ್ನು ನೋಡುತ್ತಿದ್ದೆವು. ಅವಳು ಕಂಬ ಹಿಡಿದುಕೊಂಡು ಮೆಲ್ಲಮೆಲ್ಲಗೆ ಬಾಗಿದಳು. ಎಡಗೈಯಲ್ಲಿ ಕುಡುಗೋಲು ಹೊಳೆಯಿತು.

ತಟ್ಟೆ ನೆಲಕ್ಕೆ ಬಿತ್ತು. ‘ಬ್ಯಾಡ ಮಗ, ಬ್ಯಾಡ,’ ಎಂದು ಸಾಕಮ್ಮ ಕೂಗುತ್ತಾ ಓಡಿದಳು. ತಮಟೆಯ ಸದ್ದಿನಲ್ಲಿ ಮಗುವಿಗೆ ಏನು ಕೇಳಿಸಿತೋ. ಅವ್ವ ಖುಷಿಯಿಂದ ಓಡಿ ಬರುತ್ತಿದ್ದಾಳೆ ಅಂದುಕೊಂಡಿರಬೇಕು. ಮುಖ ಎತ್ತಿ ನಕ್ಕು, ನಾಲಿಗೆ ಕಚ್ಚಿಕೊಂಡು, ಹಾಕಿದಳು. ಸಣ್ಣ ಕಚ್ಚು. ಯಾವ ಮನೆಯ ಚಿಕ್ಕವರು ಹಾಕುವುದಕ್ಕಿಂತಲೂ ದೊಡ್ಡದಲ್ಲ.

ಒಣಗಿದ ಬಿದಿರು ಮುರಿದ ಹಾಗೆ ಒಂದೇ ಸದ್ದು. ಅಷ್ಟೇ.

ಮನೆ ಹೊರಟಿತು. ನಮ್ಮ ಮನೆಗಳು ಹಾಗೆ ಹೋಗುವುದನ್ನು ನಾನು ಕೇಳಿದ್ದೆ, ನೋಡಿರಲಿಲ್ಲ. ಶುರುವಿಗೆ ಎತ್ತಿನ ಗಾಡಿಯ ಹಾಗೆ ನಿಧಾನ, ಆಮೇಲೆ ಜೋರು. ಅದು ನಮ್ಮ ಮನೆಯ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಎದುರಿಗೆ ಓಡಿದ್ದ ಸಾಕಮ್ಮ ಅಲ್ಲೇ ತಿರುಗಿ ಅದರ ಜೊತೆಗೆ ಓಡಿದಳು. ದೇವೀರಿ ಜಗಲಿಯ ಮೇಲೆ ಬಿದ್ದಿದ್ದಳು. ಕೈಚಾಚಿದರೆ ಅವಳನ್ನು ಎಳೆದುಕೊಳ್ಳಬಹುದಿತ್ತು. ಆದರೆ ಈಗಷ್ಟೇ ಕೂಡುತ್ತಿರುವ ಆ ಮೂಳೆಗಳನ್ನು ಹಿಡಿದು ಓಡುವ ಮನೆಯಿಂದ ನೆಲಕ್ಕೆ ಎಳೆಯುವುದು ಹೇಗೆ? ಸಾಕಮ್ಮ ಎಳೆಯಲಿಲ್ಲ. ಕಂಬವನ್ನು ತಬ್ಬಿ ತಾನೇ ಮೇಲಕ್ಕೆ ಹತ್ತಿಕೊಂಡಳು.

ನಾನೂ ಓಡಿದೆ. ನಮ್ಮ ಊರಿನ ಮನೆಗಳ ಬಾಗಿಲು ಕಲ್ಲಿನ ಕಡೆ, ಮೂಡಣಕ್ಕೆ. ಹಾಗಾಗಿ ಮನೆ ದೂರ ಹೋಗುತ್ತಿದ್ದರೂ ಅದರ ಬಾಗಿಲು ನನ್ನನ್ನೇ ನೋಡುತ್ತಿತ್ತು. ಜಗಲಿ, ಮಂಚ, ಒಲೆಯ ಮೇಲಿನ ಹಂಚು, ಎಲ್ಲ ಕಾಣುತ್ತಿತ್ತು. ಸಾಕಮ್ಮ ಕಂಬಕ್ಕೆ ಬೆನ್ನು ಕೊಟ್ಟು ಕೂತು ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. ನನ್ನ ಬಾಯಿಗೆ ರೂಢಿಯಾದದ್ದೊಂದೇ ಬಂತು.

‘ಹಿಡ್ಕಂಡ್ಯಾ ಸಾಕಿ?’

‘ಹಿಡ್ಕಂಡಿವ್ನಿ ಅಕ್ಕ,’ ಅಂದಳು.

ಆಮೇಲೆ ದೇವೀರಿಯೂ ಏನೋ ಅಂದಳು, ನನಗೆ ಕೇಳಿಸಲಿಲ್ಲ. ಊರಿನ ಕಡೆಯ ಬೇಲಿ ಕಾಲಿಗೆ ಸಿಕ್ಕು ನಾನು ಬಿದ್ದೆ. ಎದ್ದು ನೋಡುವಷ್ಟರಲ್ಲಿ ಮನೆ ಒಂದು ಪೆಟ್ಟಿಗೆಯಷ್ಟಾಗಿತ್ತು. ತಮಟೆ ಇನ್ನೂ ಬಡಿಯುತ್ತಲೇ ಇತ್ತು.

ನಮ್ಮ ಯಜಮಾನರು ಊರಿನ ಗಂಡಸರನ್ನು ಕಟ್ಟಿಕೊಂಡು ಬಯಲಿಗೆ ಹೋದರು. ಅವರ ಒಲೆಯ ಬೂದಿ ನೆಲದ ಮೇಲೆ ಗೆರೆಯ ಹಾಗೆ ಚೆಲ್ಲಿಕೊಂಡು ಹೋಗಿತ್ತಂತೆ. ಆ ಗೆರೆ ಮುಗಿದ ಮೇಲೂ ನಡೆದರಂತೆ. ಮರಳಿ ಬಂದಾಗ ನಾನು ಅವರ ಕಾಲಿಗೆ ನೀರು ಕೊಟ್ಟೆ.

ಪದ್ಧತಿಯಂತೆ ಬೀದಿಯ ಹೆಂಗಸರು ಬಾಚಣಿಗೆ, ಎಣ್ಣೆ ಹಿಡಿದುಕೊಂಡು ಬಂದರು. ಹೋದ ಮನೆಯ ಗಡ್ಡ ಬಾಚಿ ಬಿಡಿಸಿ ನನ್ನ ಮಡಿಲಿಗೆ ಹಾಕಬೇಕಿತ್ತು. ಕಲ್ಲಿನ ಹತ್ತಿರ ಹೋಗಿ ನೋಡಿ ಎಲ್ಲರೂ ನಿಂತುಬಿಟ್ಟರು. ಗಡ್ಡವೇ ಇರಲಿಲ್ಲ. ಮಿಣಿ ಮೂಲಂಗಿ ಕೊಯ್ದ ಹಾಗೆ ನುಣ್ಣಗೆ ಮುರಿದಿತ್ತು. ಒಂದು ನಾರು ಕೂಡ ಹೊರಗೆ ಬಂದಿರಲಿಲ್ಲ. ಬಿಡಿಸಿಕೊಳ್ಳಲು ಏನೂ ಇಲ್ಲ, ಹಾಸಲು ಏನೂ ಇಲ್ಲ. ಕೈಯಲ್ಲಿ ಬಾಚಣಿಗೆ ಹಿಡಿದವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮುದ್ದಯ್ಯ ಆ ಮುರಿದ ಮುಖದ ಮೇಲೆ ಅಂಗೈ ಇಟ್ಟು, ನನ್ನ ಕಡೆ ತಿರುಗಿ, ‘ಇದಕ್ಕೇನು ಮಾಡಾದು ನನಗೆ ಗೊತ್ತಿಲ್ಲ ಚಲುವಮ್ಮ,’ ಅಂದರು.

ನನಗೆ ಅಳು ಬಂದದ್ದು ಆಗ. ಅಲ್ಲಿಯವರೆಗೂ ಬಂದಿರಲಿಲ್ಲ. ಮನೆ ಹೋಯಿತು, ಮಗು ಹೋಯಿತು, ಅವಳು ಹೋದಳು. ಎಲ್ಲರಿಗೂ ಒಂದು ಹಿಡಿ ನಾರಾದರೂ ಉಳಿಯುತ್ತದೆ, ನನಗೆ ಅದೂ ಇಲ್ಲ. ಅವಳನ್ನು ಬೈದುಕೊಂಡೆ. ‘ಒಂದು ಎಳೆನಾದ್ರೂ ಬುಟ್ಟು ಹೋಗಬಾರ್ದಿತ್ತಾ ನೀನು,’ ಎಂದು ಕಲ್ಲಿನ ಹತ್ತಿರ ಕೂತು ಬೈದೆ. ಹೆಂಗಸರು ನನ್ನ ತೋಳು ಹಿಡಿದು ಎಬ್ಬಿಸಿದರು.

ಆಮೇಲೆ ನಾನು ಆ ಮೋಟು ತುಂಡನ್ನು ಕಲ್ಲಿನಿಂದ ಬಿಚ್ಚಿ ಮನೆಗೆ ತಂದೆ. ಮೊಳದಷ್ಟಿತ್ತು. ಒಲೆಯ ಪಕ್ಕ ಬೆಚ್ಚಗೆ ಇಟ್ಟು ಹರಳೆಣ್ಣೆ ಸವರಿದೆ. ಏನೂ ಆಗಲಿಲ್ಲ. ಮಾರನೆಯ ದಿನವೂ ಸವರಿದೆ. ‘ಅರಗು ಬಿಡಾಕಿಲ್ಲ, ಯಾಕೆ ಕೈ ಸುಟ್ಕತೀಯ,’ ಅಂದರು ನಮ್ಮ ಯಜಮಾನರು. ನಾನು ಕೇಳುವವಳಾ? ಅಡುಗೆ ಮುಗಿದ ಮೇಲೆ ಕೆಂಡದ ಮುಂದೆ ಕೂರುವುದು, ಎಣ್ಣೆ ಹಾಕುವುದು, ಉಜ್ಜುವುದು. ಬೇಸಿಗೆಯೆಲ್ಲ ಅದೇ ಕೆಲಸ. ಒಂದು ದಿನ ಹೆಬ್ಬೆರಳಿನಿಂದ ಒತ್ತಿದಾಗ ಅದರ ಅಂಚು ಚೂರು ತಗ್ಗಿತು. ಉಗುರಿನಿಂದ ಹಿಡಿದು ಎಳೆದರೆ ಒಂದು ನಾರು ಜಾರಿ ಬಂತು. ಅಂದಿನಿಂದ ಅವರೂ ಬಂದು ಪಕ್ಕದಲ್ಲಿ ಕೂತು ಎಣ್ಣೆ ಸವರಿದರು.

ಕೆಲವು ಅರ್ಧಕ್ಕೇ ತುಂಡಾದವು. ಕೆಲವು ಇಡಿಯಾಗಿ ಬಂದವು. ಸಾಕಮ್ಮನವು ಬಿಗಿ, ನೆಟ್ಟಗೆ. ನನ್ನವು ನನಗೆ ಗೊತ್ತಾದವು. ಮಧ್ಯೆ ಮಧ್ಯೆ ಉಲ್ಟಾ ಮುರಿಯವು, ಅಲ್ಲಲ್ಲಿ ದಪ್ಪಗೆ, ಇಲಿ ನುಂಗಿದ ಹಾವಿನಂಥವು. ಅಂಥದ್ದು ಒಂದೊಂದು ಬಂದಾಗಲೂ ನಾನು ಅದನ್ನು ಕೆಂಡದ ಬೆಳಕಿಗೆ ಹಿಡಿದು ನೋಡಿ ಬೇರೆ ಇಡುತ್ತಿದ್ದೆ. ಕೊನೆಗೆ ಒಂದು ಹಿಡಿಯಾಯಿತು. ಜಾಸ್ತಿ ಇಲ್ಲ, ಒಂದು ಹಿಡಿ.

ಹೊಸ ಮಿಣಿಗೆ ನಾರು ಹಾಸುವ ದಿನ ಮುದ್ದಯ್ಯ ನೋಡಲು ಬಂದಿದ್ದರು. ‘ಇಷ್ಟು ಮೋಟು ನಾರು ಭಾರ ಹೊರಾಕಿಲ್ಲ ಕಣಮ್ಮ,’ ಅಂದರು.

‘ಅವು ಏನೂ ಹೊರೋದು ಬ್ಯಾಡ ಮುದ್ದಯ್ಯ. ಹೊತ್ತದ್ದು ಸಾಕು. ಒಳಗಿರ್ಲಿ,’ ಅಂದೆ.

ಅಂಟಿಗೆ ಎಣ್ಣೆಯನ್ನು ನಾನೇ ಹಾಕಿದೆ. ಎರಡು ಬೆರಳಿನ ನಡುವೆ ಎಳೆದು ನೋಡಿದೆ, ಅವಳು ನೋಡುತ್ತಿದ್ದ ಹಾಗೆ. ಇನ್ನೂ ಒಸಿ ಬೇಕು ಅನ್ನಿಸಿತು. ಇನ್ನೂ ಒಸಿ ಹಾಕಿದೆ. ಮಿಣಿ ಬಹಳ ಮೆತ್ತಗಾಯಿತು ಎಂದು ಬೀದಿಯವರು ಆಡಿಕೊಂಡರು. ಬೆಳಿಗ್ಗೆ ನಮ್ಮ ಮನೆ ಎಲ್ಲರ ಮನೆಗಿಂತ ದೂರ ಹೋಗುತ್ತದೆ. ಸಾರು ಚೆಲ್ಲುತ್ತದೆ. ಈ ವಯಸ್ಸಿನಲ್ಲಿ ಹೊಸ ಸೊಸೆಯ ಹಾಗೆ ಮತ್ತೆ ಮಡಕೆಯನ್ನು ಅರ್ಧಕ್ಕೆ ತುಂಬುವುದನ್ನು ಕಲಿತಿದ್ದೇನೆ.

ಈಗ ಬೀದಿಯ ಕಡೆಯ ಮನೆ ನಮ್ಮದು. ಎಳೆತದ ಹೊತ್ತಿಗೆ ನಾನು ಬಾಗಿಲಿಗೆ ಬಂದು ಮಿಣಿಯ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತೇನೆ. ಕೂಗು ಮನೆಯಿಂದ ಮನೆಗೆ ಬರುತ್ತದೆ. ಪಕ್ಕದವರು ‘ಹಿಡ್ಕಂಡ್ಯಾ ಚಲುವಮ್ಮ?’ ಅನ್ನುತ್ತಾರೆ. ‘ಹಿಡ್ಕಂಡಿವ್ನಿ’ ಅನ್ನುತ್ತೇನೆ. ಕಡೆಯ ಮನೆಯವರು ಯಾರನ್ನೂ ಕೇಳಬೇಕಾಗಿಲ್ಲ, ಅಲ್ಲಿಗೆ ಮುಗಿಯಿತು. ಆದರೂ ನಾನು ಬಯಲಿನ ಕಡೆ ತಿರುಗಿ ಒಂದು ಸಲ ಕೂಗುತ್ತೇನೆ. ಮೊದಮೊದಲು ಬೀದಿಯವರು ಮುಖ ಮುಖ ನೋಡಿಕೊಂಡರು. ಈಗ ಯಾರೂ ಏನೂ ಅನ್ನುವುದಿಲ್ಲ. ಒಂದು ಮಗು ಉತ್ತರ ಕೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇಡೀ ಬೀದಿ ಕೈಯಲ್ಲಿ ಹಿಡಿದದ್ದನ್ನು ಬಿಡದೆ ಸುಮ್ಮನೆ ನಿಂತಿರುತ್ತದೆ. ಆಮೇಲೆ ಜನ ಕೆಲಸಕ್ಕೆ ಹೋಗುತ್ತಾರೆ.